ಬ್ಲಾಕ್‌ಚೈನ್ ವರ್ಗಾವಣೆಗಳ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಹಿವಾಟುಗಳನ್ನು ಬ್ಲಾಕ್ ಎಂಬ ಕಂತೆಗಳಲ್ಲಿ ಸರಪಳಿಯಾಗಿ ಬರೆದಿಡುವ ಸಾರ್ವಜನಿಕ ದಾಖಲೆಯೇ ಬ್ಲಾಕ್‌ಚೈನ್. ಅಂಥ ದಾಖಲೆಯುಳ್ಳ ಬಿಟ್‌ಕಾಯಿನ್, ಇಥೀರಿಯಂ ಮುಂತಾದ ಜಾಲಗಳಲ್ಲಿ ಒಂದೇ ದಿನ ಇಷ್ಟು ಸಾವಿರ ಕೋಟಿ ಡಾಲರ್ ಕೈಬದಲಾಯಿತು ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಅದೇ ದಿನದ ಅದೇ ಜಾಲದ ಬಗ್ಗೆ ಇಬ್ಬರು ಕೊಡುವ ಅಂಕಿಗಳ ನಡುವೆ ಹತ್ತು ಪಟ್ಟು ಅಂತರವಿದ್ದರೂ ಇಬ್ಬರೂ ಸುಳ್ಳು ಹೇಳಿರಲಾರರು. ಆ ಅಂತರ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಬಯಸುವವರಿಗೆ, ಮುಖ್ಯವಾಗಿ ದತ್ತಾಂಶದ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಮತ್ತು ಪತ್ರಕರ್ತರಿಗೆ ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಹೂಡಿಕೆಯ ಸಲಹೆ ಇದರಲ್ಲಿಲ್ಲ.

ವರ್ಗಾವಣೆಯ ಚಟುವಟಿಕೆ ಎಂದರೆ ಏನನ್ನು ಅಳೆಯುತ್ತಾರೆ?

ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಈ ಒಂದೇ ಹೆಸರಿನಲ್ಲಿ ಕರೆಯುತ್ತಾರೆ: ಬ್ಲಾಕ್‌ಗಳಲ್ಲಿ ದಾಖಲಾದ ವಹಿವಾಟುಗಳ ಸಂಖ್ಯೆ, ಆ ವಹಿವಾಟುಗಳ ಒಳಗೆ ನಡೆದ ವರ್ಗಾವಣೆಗಳ ಸಂಖ್ಯೆ, ವರ್ಗಾವಣೆಯಾದ ಮೊತ್ತ, ಮತ್ತು ಆ ದಿನ ಕಳುಹಿಸಿದ ಅಥವಾ ಪಡೆದ ವಿಳಾಸಗಳ (ನಾಣ್ಯ ಇಟ್ಟುಕೊಳ್ಳಲು ಬಳಸುವ ಗುರುತುಗಳ) ಸಂಖ್ಯೆ. ಇವು ಒಟ್ಟಿಗೆ ಏರಿಳಿಯಬೇಕೆಂಬ ನಿಯಮವಿಲ್ಲ. ವಹಿವಾಟುಗಳು ದುಪ್ಪಟ್ಟಾದ ವಾರವೇ ಮೊತ್ತ ಕುಸಿದಿರಬಹುದು. ಆದ್ದರಿಂದ ಯಾವುದೇ ನಕ್ಷೆಯನ್ನು ನೋಡುವ ಮೊದಲು ಅದರ ಲಂಬ ಅಕ್ಷದಲ್ಲಿ ಏನೆಂದು ಬರೆದಿದೆ ಎಂಬುದನ್ನು ಓದಬೇಕು. ಬಹಳಷ್ಟು ವಾದಗಳು ಅಲ್ಲಿಗೇ ಮುಗಿಯುತ್ತವೆ.

ನಾನು ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲಿ ಬಿಟ್‌ಕಾಯಿನ್ ಕೊಂಡರೆ ಅದು ಈ ಲೆಕ್ಕಕ್ಕೆ ಸೇರುತ್ತದೆಯೇ?

ಇಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಎಕ್ಸ್‌ಚೇಂಜ್ ತನ್ನ ಸ್ವಂತ ಲೆಕ್ಕಪುಸ್ತಕದಲ್ಲಿ ಜೋಡಿಸುತ್ತದೆ. ನಿಮ್ಮ ಖಾತೆಗೆ ಜಮೆ, ಇನ್ನೊಬ್ಬರ ಖಾತೆಗೆ ಖರ್ಚು ಎಂದು ಬರೆದುಕೊಂಡರೆ ಅದರ ಕೆಲಸ ಮುಗಿಯಿತು. ನೀವು ಆ ನಾಣ್ಯವನ್ನು ನಿಮ್ಮದೇ ವಾಲೆಟ್‌ಗೆ, ಅಂದರೆ ಗುಪ್ತ ಕೀಲಿ ನಿಮ್ಮ ಕೈಯಲ್ಲೇ ಇರುವ ವಿಳಾಸಕ್ಕೆ, ತೆಗೆದುಕೊಂಡಾಗ ಮಾತ್ರ ಬ್ಲಾಕ್‌ಚೈನ್ ಮೇಲೆ ಒಂದು ಸಾಲು ಮೂಡುತ್ತದೆ. ಪತ್ರಿಕೆಗಳ ಮಾರುಕಟ್ಟೆ ಪುಟದಲ್ಲಿ ಕಾಣುವ ವ್ಯಾಪಾರದ ಮೊತ್ತವನ್ನು ಎಕ್ಸ್‌ಚೇಂಜ್‌ಗಳೇ ವರದಿ ಮಾಡುತ್ತವೆ, ಮತ್ತು ಅದನ್ನು ಹೊರಗಿನವರು ಸ್ವತಂತ್ರವಾಗಿ ತಾಳೆ ನೋಡಲು ಬರುವುದಿಲ್ಲ. ಬ್ಲಾಕ್‌ಚೈನ್ ಮೇಲಿನ ವರ್ಗಾವಣೆಯನ್ನು ಯಾರು ಬೇಕಾದರೂ ಮರಳಿ ಎಣಿಸಬಹುದು.

ಬಿಟ್‌ಕಾಯಿನ್‌ನಲ್ಲಿ ಕಳುಹಿಸಿದ ಮೊತ್ತ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುವುದು ಏಕೆ?

ಬಿಟ್‌ಕಾಯಿನ್‌ನಲ್ಲಿ ಖಾತೆ, ಬಾಕಿ ಎಂಬ ಕಲ್ಪನೆಯೇ ಇಲ್ಲ. ಹಿಂದಿನ ವಹಿವಾಟಿನಿಂದ ಬಂದು ಇನ್ನೂ ಖರ್ಚಾಗದೆ ಉಳಿದ ತುಂಡುಗಳು ಮಾತ್ರ ಇರುತ್ತವೆ. ಒಂದು ತುಂಡನ್ನು ಬಳಸಿದರೆ ಪೂರ್ತಿ ಬಳಸಬೇಕು. ಅಂಗಡಿಯಲ್ಲಿ ನೂರು ರೂಪಾಯಿಯ ಸಾಮಾನಿಗೆ ಐನೂರರ ನೋಟು ಕೊಟ್ಟು ಚಿಲ್ಲರೆ ವಾಪಸ್ ಪಡೆಯುವ ಹಾಗೆ, ಹೆಚ್ಚುವರಿ ಮೊತ್ತವು ಕಳುಹಿಸಿದವರದೇ ಆದ ಇನ್ನೊಂದು ವಿಳಾಸಕ್ಕೆ ಮರಳುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಬಿಟ್‌ಕಾಯಿನ್ ಇತಿಹಾಸದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ನಡೆದ ಮೊದಲ ವರ್ಗಾವಣೆಯೇ ಆಗಿದೆ. 2009ರ ಜನವರಿ 12ರಂದು, 170ನೇ ಬ್ಲಾಕ್‌ನಲ್ಲಿ, ಬಿಟ್‌ಕಾಯಿನ್ ರೂಪಿಸಿದ ಸತೋಶಿ ನಕಾಮೊಟೊ ಅವರು ಪ್ರೋಗ್ರಾಮರ್ ಹ್ಯಾಲ್ ಫಿನ್ನಿ ಅವರಿಗೆ 10 ಬಿಟ್‌ಕಾಯಿನ್ ಕಳುಹಿಸಿದರು. ಆ ವಹಿವಾಟನ್ನು ಬಿಡಿಸಿ ನೋಡಿದರೆ, ಒಳಬಂದದ್ದು 9ನೇ ಬ್ಲಾಕ್‌ನ ಮೈನಿಂಗ್ ಸಂಭಾವನೆಯಾದ (ಬ್ಲಾಕ್ ರಚಿಸಿದ ಮೈನರ್‌ಗೆ ಸಿಗುವ ಹೊಸ ನಾಣ್ಯಗಳಾದ) 50 ಬಿಟ್‌ಕಾಯಿನ್‌ಗಳ ಒಂದೇ ತುಂಡು. ಹೊರಹೋದದ್ದು ಎರಡು, ಒಂದು 10, ಇನ್ನೊಂದು 40. ಆ 40 ಸತೋಶಿಯ ಹಳೆಯ ವಿಳಾಸಕ್ಕೇ ಹಿಂದಿರುಗಿತು. ಔಟ್‌ಪುಟ್‌ಗಳನ್ನು ಕಣ್ಣುಮುಚ್ಚಿ ಕೂಡಿಸುವ ಪ್ರೋಗ್ರಾಂ 50 ಬಿಟ್‌ಕಾಯಿನ್ ವರ್ಗಾವಣೆಯಾಯಿತು ಎನ್ನುತ್ತದೆ, ಆದರೆ ಕೈಬದಲಾದದ್ದು 10 ಮಾತ್ರ. ಇನ್‌ಪುಟ್‌ಗಳ ಮೊತ್ತದಲ್ಲಿ ಔಟ್‌ಪುಟ್‌ಗಳ ಮೊತ್ತವನ್ನು ಕಳೆದರೆ ಉಳಿಯುವುದು ಶುಲ್ಕ. ಈ ವಹಿವಾಟಿನಲ್ಲಿ ಅದು ಸೊನ್ನೆ.

ಇಲ್ಲಿ ಚಿಲ್ಲರೆ ಹಳೆಯ ವಿಳಾಸಕ್ಕೇ ಮರಳಿದ್ದರಿಂದ ಗುರುತಿಸುವುದು ಸುಲಭ. ಇಂದಿನ ವಾಲೆಟ್‌ಗಳು ಪ್ರತಿ ಸಲವೂ ಹೊಸ ವಿಳಾಸವನ್ನು ಹುಟ್ಟಿಸಿ ಚಿಲ್ಲರೆಯನ್ನು ಅಲ್ಲಿಗೆ ಕಳುಹಿಸುತ್ತವೆ. ತೊಡಕು ಶುರುವಾಗುವುದು ಅಲ್ಲಿಂದ.

ಹಾಗಾದರೆ ಚಿಲ್ಲರೆಯನ್ನು ಹೇಗೆ ಬೇರ್ಪಡಿಸುತ್ತಾರೆ?

ಊಹೆಯಿಂದ. ಒಂದೇ ವಹಿವಾಟಿನಲ್ಲಿ ಹಲವು ವಿಳಾಸಗಳ ತುಂಡುಗಳನ್ನು ಒಟ್ಟಿಗೆ ಖರ್ಚು ಮಾಡಿದ್ದರೆ ಅವೆಲ್ಲದರ ಒಡೆಯ ಒಬ್ಬನೇ ಎಂದು ಎಣಿಸುವುದು ಮೊದಲ ಊಹೆ. ಇದರ ಸುಳಿವನ್ನು 2008ರ ಬಿಟ್‌ಕಾಯಿನ್ ಪ್ರಬಂಧದಲ್ಲಿ ಸತೋಶಿಯೇ ಕೊಟ್ಟಿದ್ದಾರೆ. ಹಿಂದೆಂದೂ ಬಳಕೆಯಾಗದ ವಿಳಾಸಕ್ಕೆ ಹೋದ ಔಟ್‌ಪುಟ್ ಚಿಲ್ಲರೆಯಾಗಿರಬಹುದು, ಸೊನ್ನೆಗಳಲ್ಲಿ ಮುಗಿಯುವ ದುಂಡು ಮೊತ್ತ ಪಾವತಿಯಾಗಿರಬಹುದು, ಇನ್‌ಪುಟ್‌ನ ವಿಳಾಸ ಯಾವ ಮಾದರಿಯದೋ ಅದೇ ಮಾದರಿಯ ಔಟ್‌ಪುಟ್ ಚಿಲ್ಲರೆಯಾಗಿರಬಹುದು ಎಂಬವು ಉಳಿದ ಊಹೆಗಳು. ಹಲವರು ಬೇಕೆಂದೇ ತಮ್ಮ ತುಂಡುಗಳನ್ನು ಒಂದೇ ವಹಿವಾಟಿನಲ್ಲಿ ಬೆರೆಸುವ ಕಾಯಿನ್‌ಜಾಯಿನ್ ಪದ್ಧತಿ ಮೊದಲ ಊಹೆಯನ್ನೇ ಕೆಡಿಸುತ್ತದೆ. ಅಂಥ ಒಂದು ವಹಿವಾಟನ್ನು ಗುರುತಿಸದೆ ಬಿಟ್ಟರೆ ಸಂಬಂಧವೇ ಇಲ್ಲದ ನೂರಾರು ಜನ ಒಂದೇ ಮಾಲೀಕನ ಹೆಸರಿಗೆ ಸೇರಿಬಿಡುತ್ತಾರೆ.

ಕಾಯಿನ್ ಮೆಟ್ರಿಕ್ಸ್, ಗ್ಲಾಸ್‌ನೋಡ್ ಮುಂತಾದ ದತ್ತಾಂಶ ಸಂಸ್ಥೆಗಳು 'ಸರಿಹೊಂದಿಸಿದ ಮೊತ್ತ' ಎಂದು ಕೊಡುವ ಅಂಕಿಗಳ ಹಿಂದೆ ಇಂಥ ನಿಯಮಗಳಿವೆ. ಅವು ಕಚ್ಚಾ ಮೊತ್ತಕ್ಕಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅವುಗಳನ್ನು ಅಂದಾಜು ಎಂದೇ ಬರೆಯಬೇಕು, ದಶಮಾಂಶದ ಎರಡು ಸ್ಥಾನದವರೆಗೆ ಉಲ್ಲೇಖಿಸುವುದರಲ್ಲಿ ಅರ್ಥವಿಲ್ಲ.

ವಹಿವಾಟುಗಳ ಸಂಖ್ಯೆಯಾದರೂ ಖಚಿತವಲ್ಲವೇ?

ಎಣಿಕೆ ಖಚಿತ, ಅದರ ಅರ್ಥ ಖಚಿತವಲ್ಲ. ಎಕ್ಸ್‌ಚೇಂಜ್‌ಗಳು ಶುಲ್ಕ ಉಳಿಸಲು ನೂರಾರು ಗ್ರಾಹಕರ ಹಣ ಹಿಂಪಡೆಯುವ ಕೋರಿಕೆಗಳನ್ನು ಒಂದೇ ವಹಿವಾಟಿಗೆ ಸೇರಿಸುತ್ತವೆ. ಆಗ ವಹಿವಾಟು ಒಂದು, ಪಾವತಿ ನೂರಾರು. ಇದಕ್ಕೆ ವಿರುದ್ಧ ದಿಕ್ಕಿನ ಉಬ್ಬರವೂ ಇದೆ. 2023ರ ಜನವರಿಯಲ್ಲಿ ಆರ್ಡಿನಲ್ಸ್ ಎಂಬ ಪದ್ಧತಿ ಬಂದ ಮೇಲೆ ಚಿತ್ರ, ಪಠ್ಯಗಳನ್ನು ಬಿಟ್‌ಕಾಯಿನ್ ವಹಿವಾಟಿನೊಳಗೆ ಹುದುಗಿಸುವುದು ರೂಢಿಯಾಯಿತು. 2024ರ ಏಪ್ರಿಲ್‌ನಲ್ಲಿ ಮೈನಿಂಗ್ ಸಂಭಾವನೆ 3.125 ಬಿಟ್‌ಕಾಯಿನ್‌ಗೆ ಇಳಿದ 8,40,000ನೇ ಬ್ಲಾಕ್‌ನಲ್ಲಿಯೇ ರೂನ್ಸ್ ಎಂಬ ಟೋಕನ್ (ಅದೇ ಜಾಲದ ಮೇಲೆ ಬೇರೆಯವರು ಹೊರಡಿಸುವ ಉಪನಾಣ್ಯ) ಪದ್ಧತಿಯೂ ಜಾರಿಗೆ ಬಂತು, ಮತ್ತು ಮೊದಲಿಗರಾಗುವ ಹಂಬಲದಲ್ಲಿ ಜನ ಆ ಒಂದೇ ಬ್ಲಾಕ್‌ಗೆ 37ಕ್ಕೂ ಹೆಚ್ಚು ಬಿಟ್‌ಕಾಯಿನ್ ಶುಲ್ಕ ತೆತ್ತರು. ಇಂಥ ವಹಿವಾಟುಗಳಲ್ಲಿ ಸಾಗುವ ಬಿಟ್‌ಕಾಯಿನ್ ಕೆಲವೇ ನೂರು ಸತೋಶಿ (ಒಂದು ಸತೋಶಿ ಎಂದರೆ ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲಿ ಒಂದು ಭಾಗ), ಅಂದರೆ ನಗಣ್ಯ. ಎಣಿಕೆಯ ನಕ್ಷೆ ಮಾತ್ರ ಮುಗಿಲು ಮುಟ್ಟುತ್ತದೆ.

ಇಥೀರಿಯಂನಲ್ಲಿ ಖಾತೆಗಳೇ ಇರುವುದರಿಂದ ಅಳತೆ ಸುಲಭವಲ್ಲವೇ?

ಚಿಲ್ಲರೆಯ ಸಮಸ್ಯೆ ಅಲ್ಲಿಲ್ಲ, ಆದರೆ ಬೇರೆ ತೊಡಕುಗಳಿವೆ, ಮತ್ತು ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಇಥೀರಿಯಂನಲ್ಲಿ ಮೌಲ್ಯ ಮೂರು ದಾರಿಗಳಲ್ಲಿ ಸಾಗುತ್ತದೆ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಆ ಜಾಲದ ನಾಣ್ಯವಾದ ಈಥರ್ ನೇರವಾಗಿ ಹೋಗುವುದು ಮೊದಲನೆಯದು. ಇದಕ್ಕೆ 21,000 ಗ್ಯಾಸ್ (ಶುಲ್ಕ ಲೆಕ್ಕ ಹಾಕಲು ಬಳಸುವ ಕೆಲಸದ ಅಳತೆ) ತಗಲುತ್ತದೆ ಮತ್ತು ಇದು ವಹಿವಾಟಿನ ದಾಖಲೆಯಲ್ಲೇ ಕಾಣುತ್ತದೆ. ಎರಡನೆಯದರಲ್ಲಿ ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಜಾಲದ ಮೇಲೆಯೇ ಓಡುವ ಪ್ರೋಗ್ರಾಂ) ಒಂದು ತನ್ನ ಬಳಿಯ ಈಥರನ್ನು ಬೇರೆಯವರಿಗೆ ಕಳುಹಿಸುತ್ತದೆ. ಇದು ಬ್ಲಾಕ್‌ನಲ್ಲಿ ಪ್ರತ್ಯೇಕ ವಹಿವಾಟಾಗಿ ಉಳಿಯುವುದಿಲ್ಲವಾದ್ದರಿಂದ, ನೋಡ್‌ನಲ್ಲಿ (ಜಾಲದ ದಾಖಲೆಯ ಪ್ರತಿ ಇರುವ ಕಂಪ್ಯೂಟರ್‌ನಲ್ಲಿ) ಆ ವಹಿವಾಟನ್ನು ಮರಳಿ ಓಡಿಸಿ ಪ್ರತಿ ಹೆಜ್ಜೆಯ ಜಾಡು ತೆಗೆಯಬೇಕು. ಮೂರನೆಯದು ಟೋಕನ್‌ಗಳ ವರ್ಗಾವಣೆ. ಒಂದು ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ, ಯುಎಸ್‌ಡಿಸಿ ಮುಂತಾದ ಟೋಕನ್‌ಗಳು ಸಾಗಿದಾಗ ವಹಿವಾಟಿನ ಈಥರ್ ಮೊತ್ತ ಸೊನ್ನೆಯೇ ಇರುತ್ತದೆ. ಟೋಕನ್‌ನ ಕಾಂಟ್ರ್ಯಾಕ್ಟ್ ಬರೆಯುವ 'ಟ್ರಾನ್ಸ್‌ಫರ್' ಎಂಬ ಘಟನೆಯ ಲಾಗ್‌ನಲ್ಲಿ ಯಾರಿಂದ, ಯಾರಿಗೆ, ಎಷ್ಟು ಎಂಬುದು ಸಿಗುತ್ತದೆ.

ಈ ಲಾಗ್‌ಗಳನ್ನು ಸೋಸುವಾಗ ಒಂದು ಬಲೆ ಇದೆ. ಸಾಧಾರಣ ಟೋಕನ್‌ಗಳ ಇಆರ್‌ಸಿ-20 ಮಾನದಂಡದಲ್ಲೂ ಎನ್‌ಎಫ್‌ಟಿಗಳ (ಚಿತ್ರದಂಥ ಒಂದೊಂದು ವಸ್ತುವಿಗೂ ಪ್ರತ್ಯೇಕವಾಗಿರುವ ಟೋಕನ್‌ಗಳ) ಇಆರ್‌ಸಿ-721 ಮಾನದಂಡದಲ್ಲೂ ಟ್ರಾನ್ಸ್‌ಫರ್ ಘಟನೆಯ ಸಹಿ ಒಂದೇ ಆಗಿದೆ, ಏಕೆಂದರೆ ಎರಡರಲ್ಲೂ ಎರಡು ವಿಳಾಸಗಳು ಮತ್ತು ಒಂದು ಪೂರ್ಣಾಂಕ ಇರುತ್ತವೆ. ಮೊದಲನೆಯದರಲ್ಲಿ ಆ ಪೂರ್ಣಾಂಕವು ಮೊತ್ತ, ಎರಡನೆಯದರಲ್ಲಿ ಅದು ಎನ್‌ಎಫ್‌ಟಿಯ ಕ್ರಮಸಂಖ್ಯೆ. 8,452ನೇ ಸಂಖ್ಯೆಯ ಒಂದು ಚಿತ್ರ ಮಾರಾಟವಾದರೆ 8,452 ಘಟಕಗಳು ವರ್ಗವಾದಂತೆ ಲೆಕ್ಕಕ್ಕೆ ಬಂದುಬಿಡುತ್ತದೆ. ಇಆರ್‌ಸಿ-20 ಲಾಗ್‌ನಲ್ಲಿ ಮೂರು ಟಾಪಿಕ್‌ಗಳು (ಹುಡುಕಲು ಬರುವ ಕ್ಷೇತ್ರಗಳು) ಇರುತ್ತವೆ, ಇಆರ್‌ಸಿ-721ರಲ್ಲಿ ನಾಲ್ಕು. ಇವುಗಳನ್ನು ಬೇರೆ ಮಾಡುವುದು ಹೀಗೆ. 2017ರ ಡಿಸೆಂಬರ್‌ನಲ್ಲಿ ಇಡೀ ಜಾಲವನ್ನು ದಟ್ಟಣೆಗೆ ಸಿಲುಕಿಸಿದ ಕ್ರಿಪ್ಟೋಕಿಟ್ಟೀಸ್ ಎಂಬ ಎನ್‌ಎಫ್‌ಟಿ ಆಟ ಮಾತ್ರ ಈ ಎರಡಕ್ಕೂ ಒಗ್ಗದು. ಅದಕ್ಕೆ ಪ್ರತ್ಯೇಕ ನಿಯಮವನ್ನೇ ಬರೆಯಬೇಕು.

ದಶಮಾಂಶವನ್ನೂ ಗಮನಿಸಬೇಕು. ಲಾಗ್‌ನಲ್ಲಿರುವುದು ಪೂರ್ಣಾಂಕ ಮಾತ್ರ. ಈಥರ್ ಮತ್ತು ಡಾಯ್ ಎಂಬ ಟೋಕನ್‌ಗೆ 18 ಸ್ಥಾನಗಳು, ಇಥೀರಿಯಂ ಮೇಲಿನ ಯುಎಸ್‌ಡಿಟಿ ಮತ್ತು ಯುಎಸ್‌ಡಿಸಿಗೆ 6 ಸ್ಥಾನಗಳು. ಒಂದರ ಬದಲು ಇನ್ನೊಂದನ್ನು ಬಳಸಿದರೆ ಉತ್ತರ ಲಕ್ಷ ಕೋಟಿ ಪಟ್ಟು ತಪ್ಪಾಗುತ್ತದೆ. ಅಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ ಎಂಬುದೊಂದು ಸಮಾಧಾನ.

ಕೊನೆಯದಾಗಿ, ವಿಫಲವಾದ ವಹಿವಾಟುಗಳೂ ಶುಲ್ಕ ತೆತ್ತು ಬ್ಲಾಕ್‌ನಲ್ಲಿ ಉಳಿಯುತ್ತವೆ. ಸ್ಥಿತಿಯ ಕಾಲಂ ನೋಡದೆ ಈಥರ್ ಮೊತ್ತ ಕೂಡಿಸಿದರೆ, ನಡೆಯದ ಪಾವತಿಗಳೂ ಸೇರಿಕೊಳ್ಳುತ್ತವೆ.

ಸೊನ್ನೆ ಮೊತ್ತದ ವರ್ಗಾವಣೆಗಳನ್ನು ಯಾರು, ಏಕೆ ಮಾಡುತ್ತಾರೆ?

ಬಹುತೇಕ ವಂಚಕರು. ನೀವು ಆಗಾಗ ಹಣ ಕಳುಹಿಸುವ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳಿಗೆ ಹೊಂದುವ ವಿಳಾಸವೊಂದನ್ನು ಸೃಷ್ಟಿಸಿ, ನಿಮ್ಮ ಖಾತೆಯಿಂದ ಅಲ್ಲಿಗೆ ಸೊನ್ನೆ ಟೋಕನ್ ಹೋದಂತೆ ದಾಖಲೆ ಮೂಡಿಸುತ್ತಾರೆ. ಮೊತ್ತ ಸೊನ್ನೆಯಾದ್ದರಿಂದ ಬಹಳಷ್ಟು ಟೋಕನ್‌ಗಳು ನಿಮ್ಮ ಅನುಮತಿಯನ್ನು ಕೇಳುವುದಿಲ್ಲ. ಮುಂದಿನ ಸಲ ಹಳೆಯ ಪಟ್ಟಿಯಿಂದ ವಿಳಾಸ ನಕಲು ಮಾಡುವಾಗ ನೀವು ಅದನ್ನೇ ಆರಿಸಲಿ ಎಂಬುದು ಅವರ ಹೊಂಚು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ 1,155 ಸುತ್ತಿದ ಬಿಟ್‌ಕಾಯಿನ್ ಟೋಕನ್‌ಗಳನ್ನು (ಬಿಟ್‌ಕಾಯಿನ್‌ಗಳನ್ನು ಠೇವಣಿಯಿಟ್ಟು ಇಥೀರಿಯಂ ಮೇಲೆ ಹೊರಡಿಸಿದ ಟೋಕನ್‌ಗಳನ್ನು), ಅಂದರೆ ಸುಮಾರು 6.8 ಕೋಟಿ ಡಾಲರ್ ಮೌಲ್ಯವನ್ನು, ವಂಚಕನ ವಿಳಾಸಕ್ಕೆ ಕಳುಹಿಸಿಬಿಟ್ಟರು. ಮಾತುಕತೆಯ ನಂತರ ಬಹುಪಾಲು ಹಿಂದೆ ಬಂತು. ಅಳತೆಯ ದೃಷ್ಟಿಯಿಂದ ಇಂಥ ದಾಖಲೆಗಳು ವರ್ಗಾವಣೆಗಳ ಎಣಿಕೆಯನ್ನೂ 'ಸಕ್ರಿಯ' ವಿಳಾಸಗಳ ಎಣಿಕೆಯನ್ನೂ ಉಬ್ಬಿಸುತ್ತವೆ, ಆದ್ದರಿಂದ ಸೊನ್ನೆ ಮೊತ್ತದವುಗಳನ್ನು ಮತ್ತು ಹೆಸರಷ್ಟೇ ನಕಲು ಮಾಡಿದ ನಕಲಿ ಟೋಕನ್‌ಗಳನ್ನು ಆರಂಭದಲ್ಲೇ ತೆಗೆದುಹಾಕುವುದು ಒಳ್ಳೆಯದು. ಟೋಕನನ್ನು ಹೆಸರಿನಿಂದ ಗುರುತಿಸಬಾರದು, ಕಾಂಟ್ರ್ಯಾಕ್ಟ್ ವಿಳಾಸದಿಂದ ಗುರುತಿಸಬೇಕು.

ಸ್ಟೇಬಲ್‌ಕಾಯಿನ್ ವರ್ಗಾವಣೆಗಳು ಕಾರ್ಡ್ ಜಾಲಗಳನ್ನು ಮೀರಿಸಿವೆ ಎಂಬ ಮಾತು ನಿಜವೇ?

ಸ್ಟೇಬಲ್‌ಕಾಯಿನ್ ಎಂದರೆ ಯುಎಸ್‌ಡಿಟಿಯಂತೆ ಬೆಲೆಯನ್ನು ಡಾಲರ್‌ನಂಥ ಹಣಕ್ಕೆ ಕಟ್ಟಿದ ಟೋಕನ್. ಕಚ್ಚಾ ಮೊತ್ತವನ್ನು ನೋಡಿದರೆ ಹಾಗೆ ಹೇಳಬಹುದು, ಆದರೆ ಆ ಹೋಲಿಕೆ ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ವೀಸಾ ಕಂಪನಿಯು ಅಲಿಯಂ ಎಂಬ ದತ್ತಾಂಶ ಸಂಸ್ಥೆಯ ಜೊತೆ ಸೇರಿ ಪ್ರಕಟಿಸಿದ ಲೆಕ್ಕದಲ್ಲಿ, 2024ರ ಏಪ್ರಿಲ್ ತಿಂಗಳ ಒಟ್ಟು ಸ್ಟೇಬಲ್‌ಕಾಯಿನ್ ವರ್ಗಾವಣೆ ಸುಮಾರು 2.2 ಲಕ್ಷ ಕೋಟಿ ಡಾಲರ್ ಇತ್ತು. ಸೋಸಿದ ಮೇಲೆ ಉಳಿದದ್ದು ಸುಮಾರು 14,900 ಕೋಟಿ ಡಾಲರ್, ಅಂದರೆ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಸೋಸಿದ್ದು ಎರಡು ಹಂತಗಳಲ್ಲಿ. ಒಂದೇ ವಹಿವಾಟಿನೊಳಗೆ ಹಲವು ವರ್ಗಾವಣೆಗಳಿದ್ದರೆ ಅತಿ ದೊಡ್ಡದನ್ನು ಮಾತ್ರ ಇಟ್ಟುಕೊಂಡರು, ಏಕೆಂದರೆ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳೇ ನಡೆಸುವ ವಿಕೇಂದ್ರಿತ ಎಕ್ಸ್‌ಚೇಂಜ್‌ನಲ್ಲಿ ಒಂದು ವಿನಿಮಯವು ಮೂರು ನಿಧಿಗಳನ್ನು ಹಾದುಹೋದರೆ ಅದೇ ಹಣ ನಾಲ್ಕು ಸಲ ಲಾಗ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಅನಂತರ, ತಿಂಗಳೊಂದರಲ್ಲಿ ಸಾವಿರಕ್ಕಿಂತ ಹೆಚ್ಚು ವಹಿವಾಟು ಅಥವಾ ಒಂದು ಕೋಟಿ ಡಾಲರ್‌ಗಿಂತ ಹೆಚ್ಚು ಮೊತ್ತ ಸಾಗಿಸಿದ ಖಾತೆಗಳನ್ನು ಬಾಟ್ (ತಾನಾಗಿ ವಹಿವಾಟು ನಡೆಸುವ ಪ್ರೋಗ್ರಾಂ) ಅಥವಾ ದೊಡ್ಡ ಸಂಸ್ಥೆ ಎಂದು ಬಗೆದು ಕೈಬಿಟ್ಟರು. ಎರಡನೆಯ ನಿಯಮದಲ್ಲಿ ನಿಜವಾದ ವ್ಯಾಪಾರಿ ಪಾವತಿಗಳೂ ಕೊಚ್ಚಿಹೋಗಿರುವ ಸಾಧ್ಯತೆ ಇದೆ, ಮತ್ತು ಈ ಲೆಕ್ಕ ಮಾಡಿದ್ದು ಸ್ಪರ್ಧೆಯಲ್ಲಿರುವ ಕಂಪನಿಯೇ ಎಂಬುದನ್ನೂ ಮರೆಯುವಂತಿಲ್ಲ. ಆದರೂ ನಿಯಮಗಳನ್ನು ಬಹಿರಂಗವಾಗಿ ಇಟ್ಟಿರುವುದರಿಂದ ಒಪ್ಪದವರು ತಮ್ಮದೇ ಮಿತಿಗಳನ್ನು ಹಾಕಿ ಮರುಲೆಕ್ಕ ಮಾಡಬಹುದು.

ಫ್ಲ್ಯಾಶ್ ಸಾಲವನ್ನೂ ಇಲ್ಲಿಯೇ ಹೇಳಬೇಕು. ಆವೆ ಮುಂತಾದ ವ್ಯವಸ್ಥೆಗಳಲ್ಲಿ ಅಡಮಾನವಿಲ್ಲದೆ ಕೋಟಿಗಟ್ಟಲೆ ಎರವಲು ಪಡೆದು ಅದೇ ವಹಿವಾಟಿನೊಳಗೆ ತೀರಿಸಬಹುದು; ತೀರಿಸದಿದ್ದರೆ ಇಡೀ ವಹಿವಾಟು ರದ್ದಾಗುತ್ತದೆ. ಕೆಲವೇ ಡಾಲರ್ ಲಾಭಕ್ಕಾಗಿ ಓಡಿದ ಒಂದು ಬಾಟ್ ಹೀಗೆ ದಿನದ ಮೊತ್ತಕ್ಕೆ ಹತ್ತಾರು ಕೋಟಿ ಸೇರಿಸಬಲ್ಲದು.

ಸಕ್ರಿಯ ವಿಳಾಸಗಳನ್ನು ಬಳಕೆದಾರರೆಂದು ಎಣಿಸಬಹುದೇ?

ಎಣಿಸಬಾರದು. ಒಬ್ಬರಿಗೆ ನೂರು ವಿಳಾಸಗಳಿರಬಹುದು, ಎಕ್ಸ್‌ಚೇಂಜ್‌ನ ಒಂದೇ ವಿಳಾಸದ ಹಿಂದೆ ಲಕ್ಷಾಂತರ ಗ್ರಾಹಕರಿರಬಹುದು.

ಬೇರೆ ಬೇರೆ ಜಾಲಗಳ ವಹಿವಾಟುಗಳನ್ನು ಹೋಲಿಸುವುದು ಸರಿಯೇ?

ಸೊಲಾನಾ ಎಂಬ ಜಾಲದ ಉದಾಹರಣೆ ಸಾಕು. ಅಲ್ಲಿ ಸುಮಾರು 400 ಮಿಲಿಸೆಕೆಂಡಿಗೆ ಒಂದು ಸ್ಲಾಟ್ (ಬ್ಲಾಕ್ ರಚಿಸುವ ಸರದಿ) ಇದ್ದು, ಬ್ಲಾಕ್‌ಗಳನ್ನು ಒಪ್ಪಿಕೊಂಡೆವು ಎಂದು ವ್ಯಾಲಿಡೇಟರ್‌ಗಳು (ಬ್ಲಾಕ್‌ಗಳನ್ನು ಪರಿಶೀಲಿಸುವವರು) ಹಾಕುವ ಮತಗಳೂ ವಹಿವಾಟುಗಳಾಗಿಯೇ ದಾಖಲಾಗುತ್ತಾ ಬಂದಿವೆ. ಇಥೀರಿಯಂನಲ್ಲಿ ಅಂಥ ಮತಗಳು ವಹಿವಾಟಿನ ಪಟ್ಟಿಗೆ ಬರುವುದೇ ಇಲ್ಲ. ಮತಗಳನ್ನು ಕಳೆಯದೆ ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕುವುದು ಜಾಹೀರಾತಿಗೆ ಮಾತ್ರ ಒಪ್ಪುತ್ತದೆ.

ಭಾರಿ ಮೊತ್ತದ ವರ್ಗಾವಣೆ ಕಂಡರೆ ಯಾರೋ ಮಾರುತ್ತಿದ್ದಾರೆ ಎಂದರ್ಥವೇ?

ಅನೇಕ ವೇಳೆ ಅದು ಮನೆಯೊಳಗಿನ ಸಾಗಾಟ. 2018ರ ಡಿಸೆಂಬರ್‌ನಲ್ಲಿ ಕಾಯಿನ್‌ಬೇಸ್ ಎಂಬ ಎಕ್ಸ್‌ಚೇಂಜ್ ತನ್ನ ಸಂಗ್ರಹವನ್ನು ಹೊಸ ವಾಲೆಟ್‌ಗಳಿಗೆ ಸ್ಥಳಾಂತರಿಸಿದಾಗ, ಆಗ ಚಲಾವಣೆಯಲ್ಲಿದ್ದ ಬಿಟ್‌ಕಾಯಿನ್‌ಗಳ ಸುಮಾರು ಶೇ 5ರಷ್ಟು ಕದಲಿದವು, ಆದರೆ ಒಂದೂ ಮಾರಾಟವಾಗಿರಲಿಲ್ಲ. ಹಿಂದೆಯೇ ದಿವಾಳಿಯಾಗಿದ್ದ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್‌ನ ಸುಮಾರು 1,40,000 ಬಿಟ್‌ಕಾಯಿನ್‌ಗಳು 2024ರ ಮೇ 28ರಂದು ಹೊಸ ವಿಳಾಸಗಳಿಗೆ ಹೋದಾಗಲೂ ಅದು ಹಣ ಬರಬೇಕಿದ್ದವರಿಗೆ ಹಂಚುವ ಮುನ್ನಿನ ಸಿದ್ಧತೆಯಾಗಿತ್ತು.

ಕರ್ನಾಟಕದಲ್ಲೂ ಈ ಪ್ರಶ್ನೆ ಎದ್ದದ್ದುಂಟು. 2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಹಗರಣದ ಚರ್ಚೆ ಕಾವೇರಿದ್ದಾಗ, 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಕಳುವಾದ ನಾಣ್ಯಗಳು ಕದಲಿದ್ದನ್ನು ತೋರಿಸುವ, ದೊಡ್ಡ ವರ್ಗಾವಣೆಗಳನ್ನು ಸಾರುವ ವೇಲ್ ಅಲರ್ಟ್ ಸೇವೆಯ ಸಂದೇಶಗಳನ್ನು ಅಂದು ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್‌ನ ನಾಯಕರು ಮುಂದಿಟ್ಟು, ಅವಕ್ಕೂ ಇಲ್ಲಿನ ಪ್ರಕರಣಕ್ಕೂ ನಂಟಿದೆಯೇ ಎಂದು ಕೇಳಿದ್ದರು. ಆ ಸಂದೇಶಗಳಲ್ಲಿ ಇದ್ದದ್ದು ವಿಳಾಸ, ಮೊತ್ತ ಮತ್ತು ಸಮಯ. ಕೀಲಿ ಯಾರ ಕೈಯಲ್ಲಿದೆ ಎಂಬುದು ಅಂಥ ಸಂದೇಶದಿಂದ ತಿಳಿಯುವ ಸಂಗತಿಯಲ್ಲ. 2022ರ ಫೆಬ್ರುವರಿಯಲ್ಲಿ ಅಮೆರಿಕದ ಅಧಿಕಾರಿಗಳು ನ್ಯೂಯಾರ್ಕ್‌ನಲ್ಲಿ ಇಬ್ಬರನ್ನು ಬಂಧಿಸಿ, ಅದೇ ಕಳವಿಗೆ ಸೇರಿದ 94,000ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡರು.

ಮನೆಯೊಳಗಿನ ಸಾಗಾಟವನ್ನೂ ನಿಜವಾದ ಚಲನೆಯನ್ನೂ ಬೇರೆ ಮಾಡಲು ನಾಣ್ಯದ ವಯಸ್ಸು ಸ್ವಲ್ಪ ನೆರವಾಗುತ್ತದೆ. 10 ಬಿಟ್‌ಕಾಯಿನ್ 100 ದಿನ ಅಲುಗಾಡದೆ ಇದ್ದು ಇಂದು ಖರ್ಚಾದರೆ 1,000 ನಾಣ್ಯ-ದಿನಗಳು ಕಳೆದವು ಎನ್ನುತ್ತಾರೆ. ಅದೇ ನಾಣ್ಯವನ್ನು ಒಂದೇ ದಿನ ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿದರೂ ಈ ಅಂಕಿ ಬೆಳೆಯುವುದಿಲ್ಲ, ಹಾಗಾಗಿ ಇದನ್ನು ಕೃತಕವಾಗಿ ಉಬ್ಬಿಸುವುದು ಕಷ್ಟ.

ದಿನದ ಲೆಕ್ಕವನ್ನು ಯಾವ ಗಡಿಯಾರದ ಪ್ರಕಾರ ಮಾಡಬೇಕು?

ಬಹುತೇಕ ಎಲ್ಲರೂ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ದಿನವನ್ನು ಬಳಸುತ್ತಾರೆ; ಅದು ಭಾರತದಲ್ಲಿ ಬೆಳಗಿನ 5.30ಕ್ಕೆ ಆರಂಭವಾಗುತ್ತದೆ. ಬಿಟ್‌ಕಾಯಿನ್ ಬ್ಲಾಕ್‌ನ ಸಮಯವನ್ನು ಬರೆಯುವವನು ಮೈನರ್. ಹಿಂದಿನ 11 ಬ್ಲಾಕ್‌ಗಳ ಮಧ್ಯಾಂಕಕ್ಕಿಂತ ಮುಂದಿರಬೇಕು, ಎರಡು ಗಂಟೆಗಿಂತ ಹೆಚ್ಚು ಭವಿಷ್ಯದಲ್ಲಿರಬಾರದು ಎಂಬುದಷ್ಟೇ ನಿಯಮ. ಹಿಂದಿನ ಬ್ಲಾಕ್‌ಗಿಂತ ಮುಂಚಿನ ಸಮಯ ಹೊತ್ತ ಬ್ಲಾಕ್ ಕಂಡರೆ ಗಾಬರಿಯಾಗಬೇಕಿಲ್ಲ, ಆದರೆ ಗಂಟೆಗಂಟೆಯ ನಕ್ಷೆ ಬರೆಯುವವರು ಇದನ್ನು ನೆನಪಿಡಬೇಕು. ಡಾಲರ್ ಅಥವಾ ರೂಪಾಯಿಗೆ ಪರಿವರ್ತಿಸುವಾಗ ಆ ದಿನದ ಬೆಲೆಯನ್ನೇ ಬಳಸಬೇಕು. ಬೆಲೆ ಏರಿದ ದಿನ ನಾಣ್ಯಗಳ ಚಲನೆ ಇದ್ದಷ್ಟೇ ಇದ್ದರೂ ಮೊತ್ತ ಏರುತ್ತದೆ, ಆದ್ದರಿಂದ ನಾಣ್ಯದ ಲೆಕ್ಕವನ್ನೂ ಪಕ್ಕದಲ್ಲಿ ಕೊಡುವುದು ಲೇಸು.

ಎಲ್ಲ ವರ್ಗಾವಣೆಗಳೂ ಬ್ಲಾಕ್‌ಚೈನ್ ಮೇಲೆ ಕಾಣುತ್ತವೆಯೇ?

ಇಲ್ಲ. ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಜಾಲದಲ್ಲಿ ಇಬ್ಬರ ನಡುವಿನ ಪಾವತಿ ಚಾನೆಲ್ ತೆರೆದದ್ದು ಮತ್ತು ಮುಚ್ಚಿದ್ದು ಬಿಟ್‌ಕಾಯಿನ್ ಬ್ಲಾಕ್‌ಗಳಲ್ಲಿ ಕಾಣುತ್ತದೆ, ನಡುವಿನ ಪಾವತಿಗಳು ಕಾಣುವುದಿಲ್ಲ. ವಹಿವಾಟುಗಳನ್ನು ಹೊರಗೆ ನಡೆಸಿ ಅವುಗಳ ಸಾರವನ್ನು ಇಥೀರಿಯಂಗೆ ಒಪ್ಪಿಸುವ ಆರ್ಬಿಟ್ರಮ್, ಬೇಸ್ ಮುಂತಾದ ರೋಲಪ್‌ಗಳಲ್ಲಿ ನಡೆದದ್ದನ್ನು ಅವುಗಳದೇ ದಾಖಲೆಯಿಂದ ಎಣಿಸಬೇಕು. 2024ರ ಮಾರ್ಚ್ 13ರ ನಂತರ ಅವು ಇಥೀರಿಯಂಗೆ ಒಪ್ಪಿಸುವ ಬ್ಲಾಬ್ ಎಂಬ ದತ್ತಾಂಶದ ಕಂತೆಗಳನ್ನು ಸುಮಾರು 18 ದಿನ ಮಾತ್ರ ಕಾಯ್ದಿಡಲಾಗುತ್ತದೆ. ಮೊನೆರೊ ಎಂಬ ಜಾಲದಲ್ಲಿ 2017ರಿಂದ ಮೊತ್ತವನ್ನೇ ಮರೆಮಾಡುತ್ತಾರೆ, ಹಾಗಾಗಿ ಅಲ್ಲಿ ವಹಿವಾಟುಗಳನ್ನು ಎಣಿಸಬಹುದು, ಮೊತ್ತವನ್ನು ಅಳೆಯಲು ಬರುವುದಿಲ್ಲ. ಮೊನೆರೊದ 'ವರ್ಗಾವಣೆ ಮೊತ್ತ' ಎಂದು ಯಾರಾದರೂ ನಕ್ಷೆ ತೋರಿಸಿದರೆ ಅದು ಎಕ್ಸ್‌ಚೇಂಜ್ ವ್ಯಾಪಾರದ್ದೇ ಇರಬೇಕು.

ತೆರಿಗೆ ಕಾನೂನು ಹೇಳುವ ವರ್ಗಾವಣೆಯೂ ಇದೂ ಒಂದೇ ಆಗುತ್ತದೆಯೇ?

ಆಗುವುದಿಲ್ಲ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಬಂದ ಶೇ 30ರ ತೆರಿಗೆ ಮತ್ತು ಅದೇ ವರ್ಷದ ಜುಲೈ 1ರಿಂದ ಬಂದ ಶೇ 1ರ ಟಿಡಿಎಸ್ ಆಸ್ತಿಯು ಪ್ರತಿಫಲಕ್ಕಾಗಿ ಕೈಬದಲಾಗುವುದನ್ನು ನೋಡುತ್ತವೆ. ಎಕ್ಸ್‌ಚೇಂಜ್ ಒಳಗಿನ ಮಾರಾಟ ಬ್ಲಾಕ್‌ಚೈನ್ ಮೇಲೆ ಕಾಣದಿದ್ದರೂ ತೆರಿಗೆಗೆ ಒಳಪಡುತ್ತದೆ. ತೆರಿಗೆ ಲೆಕ್ಕಕ್ಕೆ ಲೆಕ್ಕಪರಿಶೋಧಕರನ್ನೇ ಕೇಳಬೇಕು.

ನಾನೇ ಲೆಕ್ಕ ಮಾಡಿದರೆ ಅದು ಸರಿಯಾಗಿದೆ ಎಂದು ಹೇಗೆ ತಿಳಿಯುವುದು?

ಸ್ವಂತ ನೋಡ್ ಓಡಿಸಿಯೋ ಗೂಗಲ್ ಬಿಗ್‌ಕ್ವೆರಿಯ ಸಾರ್ವಜನಿಕ ದತ್ತಾಂಶದಿಂದಲೋ ಲೆಕ್ಕ ತೆಗೆದ ಮೇಲೆ, ಬಾಕಿಗಳನ್ನು ತಾಳೆ ಹಾಕುವುದೇ ನಂಬಬಹುದಾದ ಪರೀಕ್ಷೆ. ಬಿಟ್‌ಕಾಯಿನ್‌ನಲ್ಲಿ ಖರ್ಚಾಗದೆ ಉಳಿದ ತುಂಡುಗಳ ಒಟ್ಟು ಮೊತ್ತವು ಅಂದಿನವರೆಗೆ ಬಿಡುಗಡೆಯಾಗಬೇಕಿದ್ದ ನಾಣ್ಯಗಳಿಗಿಂತ ಕೊಂಚ ಕಡಿಮೆ ಇರಬೇಕು: 2009ರ ಜನವರಿ 3ರ ಮೊದಲ ಬ್ಲಾಕ್‌ನ 50 ನಾಣ್ಯಗಳನ್ನು ಖರ್ಚು ಮಾಡಲಾಗದು, ಮತ್ತು 2010ರಲ್ಲಿ ಎರಡು ಮೈನಿಂಗ್ ವಹಿವಾಟುಗಳು ಹಳೆಯವುಗಳ ಗುರುತನ್ನೇ ಪಡೆದು ಅವುಗಳ ಮೇಲೆ ಕುಳಿತಿದ್ದರಿಂದ ಇನ್ನೂ 100 ನಾಣ್ಯಗಳು ಇಲ್ಲವಾದವು.

ಇಥೀರಿಯಂನಲ್ಲಿ 2023ರ ಏಪ್ರಿಲ್ 12ರಿಂದ ಸ್ಟೇಕಿಂಗ್ ಹಣದ (ವ್ಯಾಲಿಡೇಟರ್‌ಗಳು ಒತ್ತೆಯಿಟ್ಟ ಈಥರ್‌ನ) ವಾಪಸಾತಿ ಆರಂಭವಾಗಿದ್ದು, ಅದು ವಹಿವಾಟಿಲ್ಲದೆಯೇ ಖಾತೆಗೆ ಜಮೆಯಾಗುತ್ತದೆ; ಇದನ್ನು ಸೇರಿಸದಿದ್ದರೆ ಕೆಲವು ಖಾತೆಗಳ ಬಾಕಿ ಋಣಾತ್ಮಕವಾಗಿ ಬರುತ್ತದೆ. ಟೋಕನ್‌ಗಳಲ್ಲೂ ಹೀಗೆಯೇ. ಯುಎಸ್‌ಡಿಟಿಯ ಹಳೆಯ ಕಾಂಟ್ರ್ಯಾಕ್ಟ್ ಹೊಸ ಟೋಕನ್ ಬಿಡುಗಡೆ ಮಾಡುವಾಗ ಟ್ರಾನ್ಸ್‌ಫರ್ ಬದಲು 'ಇಶ್ಯೂ' ಎಂಬ ಘಟನೆಯನ್ನು ಬರೆಯುತ್ತದೆ. ಸುತ್ತಿದ ಈಥರ್‌ನ (ಈಥರನ್ನು ಠೇವಣಿಯಿಟ್ಟು ಪಡೆಯುವ ಟೋಕನ್‌ನ) ಕಾಂಟ್ರ್ಯಾಕ್ಟ್ 'ಡೆಪಾಸಿಟ್' ಎಂದು ಬರೆಯುತ್ತದೆ. ಟ್ರಾನ್ಸ್‌ಫರ್ ಲಾಗ್‌ಗಳನ್ನಷ್ಟೇ ಕೂಡಿ ಕಳೆದವರಿಗೆ ಯುಎಸ್‌ಡಿಟಿಯನ್ನು ಹೊರಡಿಸುವ ಟೆದರ್ ಕಂಪನಿಯದೇ ವಿಳಾಸವೊಂದು ಸಾವಿರಾರು ಕೋಟಿ ಡಾಲರ್ ಸಾಲದಲ್ಲಿರುವಂತೆ ಕಾಣುತ್ತದೆ. ಯಾವುದಾದರೂ ಖಾತೆಯ ಬಾಕಿ ಸೊನ್ನೆಗಿಂತ ಕೆಳಗಿಳಿದರೆ, ಪ್ರಕಟಿಸುವುದನ್ನು ನಿಲ್ಲಿಸಿ, ಆ ಕಾಂಟ್ರ್ಯಾಕ್ಟ್‌ನ ಕೋಡ್ ತೆರೆದು ಅದು ಯಾವ ಯಾವ ಘಟನೆಗಳನ್ನು ಬರೆಯುತ್ತದೆ ಎಂದು ಸಾಲು ಸಾಲಾಗಿ ಓದಬೇಕು.